ಹಾಲಪ್ಪನವರು ಬರೆದ ಮೂರನೇ ದೋಷ

ನಮ್ಮೂರಲ್ಲಿ ಹೊಸ ಕೆಲಸಕ್ಕೆ ಸೇರಬೇಕಾದರೆ ಹಳೆಯ ಸೂಪರ್‌ವೈಸರ್ ಕೈಯಿಂದ ಗುಣಪತ್ರ ಬರೆಸಿ ತರಬೇಕು. ಹೆಸರಿಗೆ ಗುಣಪತ್ರ, ಒಳಗಿರುವುದೆಲ್ಲ ದೋಷಗಳೇ. ಇಂಥವನು ಬೆಳಿಗ್ಗೆ ತಡವಾಗಿ ಬರುತ್ತಾನೆ, ಇಂಥವಳಿಗೆ ಮೂಗಿನ ತುದಿಯಲ್ಲಿ ಕೋಪ, ಇಂಥವನು ಬಾಗಿಲು ತೆಗೆದರೆ ಮುಚ್ಚುವುದಿಲ್ಲ, ಹೀಗೆ. ಸೂಪರ್‌ವೈಸರ್ ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಿ ಮಸಿ ಒಣಗಿತೆಂದರೆ ಆ ದೋಷಗಳು ನಮ್ಮನ್ನು ಬಿಟ್ಟು ಅವರಿಗೆ ಸೇರಿಕೊಳ್ಳುತ್ತವೆ. ಹೊಸ ಕೆಲಸದವರಿಗೆ ಚೊಕ್ಕ ಆಳು ಸಿಗುತ್ತಾನೆ, ಬರೆದವರು ಮರುದಿನದಿಂದ ಬಾಗಿಲು ಮುಚ್ಚುವುದನ್ನು ಮರೆಯುತ್ತಾರೆ. ಅದಕ್ಕೇ ನಮ್ಮಲ್ಲಿ ಸೂಪರ್‌ವೈಸರ್ ಆಗಲು ಯಾರೂ ಮುನ್ನುಗ್ಗುವುದಿಲ್ಲ. ಆದವರೂ ನಿವೃತ್ತಿಯ ಮರುದಿನವೇ ದೂರದ ನೆಂಟರ ಊರು ಸೇರಿಬಿಡುತ್ತಾರೆ. ಉಳಿದವರು ಪಕ್ಕಾ ಜಿಪುಣರು. ‘ಉಗುರು ಕಚ್ಚುತ್ತಾಳೆ’ ಎಂದು ಒಂದೇ ಸಾಲು ಗೀಚಿ ಕೈತೊಳೆದುಕೊಳ್ಳುತ್ತಾರೆ.

ಒಳ್ಳೆಯದನ್ನು ಮಾತ್ರ ಯಾರೂ ಬರೆಯುವಂತಿಲ್ಲ. ಹಿಂದೆ ನೂಲಿನ ಗಿರಣಿಯಲ್ಲಿ ಒಬ್ಬ ಸೂಪರ್‌ವೈಸರ್ ಪಾಪ ಒಳ್ಳೇ ಮನಸ್ಸಿನಿಂದಲೇ ‘ಈಕೆ ಚೆನ್ನಾಗಿ ಹಾಡುತ್ತಾಳೆ’ ಎಂದು ಬರೆದನಂತೆ. ಅವನು ಹಾಡಿಕೊಂಡು ಮನೆಗೆ ಹೋದ, ಆಕೆ ಆಮೇಲೆ ಮಗುವಿಗೆ ಒಂದು ಜೋಗುಳ ಹೇಳಲಾರದೆ ಹೋದಳು. ಅಂದಿನಿಂದ ಹೊಗಳಿಕೆ ನಿಷಿದ್ಧ. ಬರೆಯುವುದನ್ನು ಬಿಟ್ಟವರು ಬರಬರುತ್ತ ಬಾಯಲ್ಲಿ ಆಡುವುದನ್ನೂ ಬಿಟ್ಟರು. ಹಾಗಾಗಿ ನಮ್ಮೂರಲ್ಲಿ ಇಡೀ ಆಯುಷ್ಯ ದುಡಿದವರಿಗೂ ತಾವು ಚೆನ್ನಾಗಿ ದುಡಿದೆವೋ ಇಲ್ಲವೋ ಎಂಬುದು ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ನನ್ನ ಹೆಸರು ದಾಕ್ಷಾಯಣಿ. ಹುಟ್ಟಿದಾಗಿನಿಂದ ಇಪ್ಪತ್ತೊಂಬತ್ತನೇ ವಯಸ್ಸಿನವರೆಗೆ ನನ್ನ ಬಾಯಿಂದ ‘ಇಲ್ಲ’ ಎಂಬ ಮಾತು ಬಂದದ್ದೇ ಇಲ್ಲ. ಬೇಡ, ಆಗಲ್ಲ, ಬರಲ್ಲ ಎಂಬ ಅದರ ಅಕ್ಕತಂಗಿಯರೂ ಅಷ್ಟೇ. ಹೇಳಬೇಕೆಂದು ಬಾಯಿ ತೆರೆದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ಕಿವಿ ಬಿಸಿಯಾಗುತ್ತಿತ್ತು, ಅಂಗೈ ಬೆವರುತ್ತಿತ್ತು. ‘ಹೂಂ’ ಅಂದೊಡನೆ ಎಲ್ಲ ನೆಟ್ಟಗಾಗುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನನ್ನದು ಎಂದು ಜನ ನಗುತ್ತಿದ್ದರು. ಈಯುವುದಿಲ್ಲವೆಂದು ನನಗೂ ಗೊತ್ತಿತ್ತು, ಅನ್ನಲು ಬಾಯಿ ಬರುತ್ತಿರಲಿಲ್ಲ, ಅಷ್ಟೇ. ನಾನಿದ್ದ ಒಂದೇ ಕೋಣೆಯಲ್ಲಿ ಬೀದಿಯವರ ಹಪ್ಪಳದ ಡಬ್ಬಿಗಳು, ಊರಿಗೆ ಹೋದವರ ತುಳಸಿಕುಂಡಗಳು, ಎದುರುಮನೆ ಕಮಲಕ್ಕನ ಒಂದು ಮೇಕೆ, ಎಲ್ಲವೂ ಇದ್ದವು. ನನಗೆ ಕಾಲು ಚಾಚಲು ಜಾಗವಿರಲಿಲ್ಲ.

ಎಂಟು ವರ್ಷ ನಾನು ಗುಂಡಿ ಕಾರ್ಖಾನೆಯಲ್ಲಿ ಕೆಲಸ ಮಾಡಿದೆ. ಅಂಗಿಗೆ ಹೊಲಿಯುವ ಚಿಪ್ಪಿನ ಗುಂಡಿಗಳನ್ನು ಆರಿಸುವ ವಿಭಾಗ. ಎರಡು ತೂತಿನವು ಬೇರೆ, ನಾಲ್ಕು ತೂತಿನವು ಬೇರೆ, ಒಡಕು ಬೇರೆ. ಮೊದಲ ಆರು ವರ್ಷ ನಮ್ಮ ಸೂಪರ್‌ವೈಸರ್ ಆಗಿದ್ದ ಹಾಲಪ್ಪನವರು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದರು. ಒಡಕು ಗುಂಡಿಯೊಂದು ಒಳ್ಳೆಯವುಗಳ ಜೊತೆ ಸೇರಿದ್ದರೆ ಅದನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತಿದ್ದರು. ಬೈದದ್ದಿಲ್ಲ, ಭೇಷ್ ಅಂದದ್ದೂ ಇಲ್ಲ. ಆದರೆ ಆ ಆರು ವರ್ಷ ನನ್ನ ಪಾಲಿನ ‘ಇಲ್ಲ’ವನ್ನೆಲ್ಲ ಹೇಳಿದವರು ಅವರೇ. ಯಾರಾದರೂ ತಮ್ಮ ರಾಶಿಯನ್ನು ನನ್ನ ಮೇಜಿಗೆ ತಳ್ಳಿದರೆ ಮಾತಿಲ್ಲದೆ ವಾಪಸು ತಳ್ಳುತ್ತಿದ್ದರು. ಒಮ್ಮೆ ನಾನು ಒಂದೇ ವಾರದಲ್ಲಿ ಇಬ್ಬರು ಗಂಡುಗಳಿಗೆ ಮದುವೆಗೆ ಹೂಂ ಅಂದುಬಿಟ್ಟಿದ್ದೆ. ಎರಡೂ ಕಡೆಯವರು ಒಂದೇ ಭಾನುವಾರ ಎಲೆಅಡಿಕೆ ಹಿಡಿದು ಬರುವವರಿದ್ದರು. ಹಾಲಪ್ಪನವರು ಸೈಕಲ್ ಹತ್ತಿ ಎರಡೂ ಮನೆಗೆ ಹೋಗಿ, ಅವರು ಕೊಟ್ಟ ಕಾಫಿ ಕುಡಿದು, ಇಲ್ಲ ಅಂತ ಹೇಳಿ ಬಂದರು. ಸೋಮವಾರ ಎಂದಿನಂತೆ ನನ್ನ ಮೇಜಿನ ಬಳಿ ನಿಂತು ಒಂದು ಒಡಕು ಗುಂಡಿ ಸರಿಸಿದರು. ಆ ವಿಷಯ ಎತ್ತಲೇ ಇಲ್ಲ.

ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಎರಡು ವರ್ಷವಾದ ಮೇಲೆ ಗುಂಡಿ ಆರಿಸುವ ಯಂತ್ರ ಬಂತು, ನಾವು ಮನೆಗೆ ಬಂದೆವು. ಎಂಟು ತಿಂಗಳು ನಾನು ಇಡೀ ಬೀದಿಯ ಬಿಟ್ಟಿ ಆಳಾದೆ. ಅದು ಸಾಲದೆಂಬಂತೆ ದೂರದ ಊರಿನಿಂದ ನಮ್ಮ ದೊಡ್ಡಮ್ಮ ಬಂದು, ‘ಸುಮ್ಮನೆ ಯಾಕಿರ್ತೀಯ, ನಮ್ಮನೇಲೇ ಇದ್ದುಬಿಡು, ಅಡುಗೆ ಮನೆ ನೋಡಿಕೋ’ ಅಂದಳು. ನಾನು ಹೂಂ ಅಂದೆ. ಬರುವ ಬುಧವಾರ ಕರೆದೊಯ್ಯಲು ಗಾಡಿ ಕಳಿಸುತ್ತೇನೆಂದು ಹೇಳಿ ಹೋದಳು. ಜೀವನಪೂರ್ತಿ ಹನ್ನೆರಡು ಜನರಿಗೆ ರೊಟ್ಟಿ ತಟ್ಟುವುದು ನನ್ನ ಹಣೆಬರಹವಾಗಿತ್ತು. ಕೈಯಲ್ಲೊಂದು ಕೆಲಸವಿದ್ದರೆ ಮಾತ್ರ ಅದರಿಂದ ತಪ್ಪಿಸಿಕೊಳ್ಳಬಹುದಿತ್ತು.

ಆಗಲೇ ದೋಣಿಗಟ್ಟೆಯಲ್ಲಿ ಕೆಲಸ ಖಾಲಿಯಾದದ್ದು. ನಮ್ಮೂರ ಹೊಳೆ ದಾಟಿಸುವ ದೊಡ್ಡ ದೋಣಿಗೆ ನಲವತ್ತಕ್ಕಿಂತ ಹೆಚ್ಚು ಜನರನ್ನು ಹತ್ತಿಸುವಂತಿಲ್ಲ. ನಲವತ್ತಾದೊಡನೆ ಹಗ್ಗ ಎಳೆದು, ಉಳಿದವರಿಗೆ ಇಲ್ಲ ಎನ್ನುವುದಕ್ಕೆ ಒಬ್ಬರು ಬೇಕು. ಮೊದಲಿದ್ದವನು ಷಡ್ಡಕನ ಮುಖ ನೋಡಿ ನಲವತ್ತೊಂದನೆಯವನನ್ನು ಹತ್ತಿಸಿ, ದೋಣಿ ವಾಲಿ, ಮದುಮಗಳೊಬ್ಬಳ ಟ್ರಂಕು ಹೊಳೆ ಪಾಲಾಗಿತ್ತು. ಜನ ಉಳಿದದ್ದು ದೇವರ ದಯೆ. ನಾನು ಕೇಳಲು ಹೋದಾಗ ಗಟ್ಟೆಯ ಅಧಿಕಾರಿ ಮರುಳಯ್ಯನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನೋಡವ್ವಾ, ನಿನ್ನ ಬಾಯಿ ಸಂಗತಿ ಊರಿಗೇ ಗೊತ್ತೈತೆ. ಸೋಮವಾರದೊಳಗೆ ಆ ದೋಷ ಬರೆಸ್ಕೊಂಡು ಬಂದ್ರೆ ಹಗ್ಗ ನಿನ್ನ ಕೈಗೆ ಕೊಡ್ತೀನಿ. ಬರಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೊಂತೀನಿ.”

ಶನಿವಾರ ಬೆಳಿಗ್ಗೆ ಹಾಲಪ್ಪನವರ ಮನೆಗೆ ಹೋದೆ. ಅವರು ಸ್ನಾನಕ್ಕೆ ಹೋಗಿದ್ದರು. ಹೆಂಡತಿ ಶಿವಗಂಗಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡೊಡನೆ ಬಂದದ್ದೇಕೆಂದು ಅವರಿಗೆ ಗೊತ್ತಾಗಿಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಹಾಲಪ್ಪನವರು ಮೂವತ್ತೆಂಟು ಪತ್ರ ಬರೆದಿದ್ದರು. ಬೇರೆಯವರಂತೆ ಒಂದು ಸಾಲಿಗೆ ನಿಲ್ಲಿಸುತ್ತಿರಲಿಲ್ಲ, ಮೂರು ದೋಷಗಳಿಗಿಂತ ಕಡಿಮೆ ಬರೆದದ್ದೇ ಇಲ್ಲ. ಅದೆಲ್ಲದರ ಜೊತೆ ಸಂಸಾರ ಮಾಡಿದವರು ಶಿವಗಂಗಮ್ಮ.

“ನಾನು ಮದುವೆಯಾದ ಗಂಡಸು ಗೊರಕೆ ಹೊಡೀತಿರಲಿಲ್ಲ ಕಣವ್ವ,” ಎಂದರು. “ಈ ಗೊರಕೆ ವಾಚ್‌ಮನ್ ಪರಸಪ್ಪಂದು. ಕಾಲು ಕುಣಿಸೋದು ಪ್ಯಾಕಿಂಗಿನ ಯಾವನದೋ. ಊಟಕ್ಕೆ ಕೂತ್ರೆ ಪಕ್ಕದ ತಟ್ಟೆಗೆ ಕೈ ಹಾಕೋದು ನಿಮ್ಮ ಆ ರತ್ನಮಾಲಾಂದು. ಮೊನ್ನೆ ಸಂತೇಲಿ ಸಿಕ್ಕಿದ್ಳು. ನಿನ್ನ ಬುದ್ಧಿ ನಮ್ಮನೇಲಿ ಕ್ಷೇಮವಾಗೈತೆ ಕಣಮ್ಮ ಅಂದೆ.”

ಹೇಳುವಾಗ ನಗುತ್ತಲೇ ಇದ್ದರು, ಆದರೆ ಕಣ್ಣಂಚು ಒದ್ದೆಯಾಗಿತ್ತು. ಈಗ ವಯಸ್ಸಾಗಿದೆ, ಇನ್ನೊಂದು ಪತ್ರ ಬರೆದರೆ ಇವರೊಳಗೆ ಇವರು ಎಷ್ಟು ಉಳಿಯುತ್ತಾರೋ ಎಂದರು. ಆಮೇಲೆ ನನ್ನ ಕೈ ಹಿಡಿದು, ಏನೂ ಕೇಳದೆ ಕಾಫಿ ಕುಡಿದು ಸುಮ್ಮನೆ ಹೋಗುತ್ತೀಯಾ ತಾಯಿ ಎಂದು ಕೇಳಿದರು. ನಾನು ಏನೆಂದೆ ಎಂದು ಬೇರೆ ಹೇಳಬೇಕಾಗಿಲ್ಲ.

ಹಾಗಾಗಿ ಕಾಫಿ ಕುಡಿದೆ. ಹಾಲಪ್ಪನವರು ಎದುರು ಕೂತು ಕಾಲು ಕುಣಿಸುತ್ತ, ನಡುವೆ ಯಾರದೋ ಬಿಕ್ಕಳಿಕೆಯಂಥ ನಗು ನಗುತ್ತ, ಯಂತ್ರ ಒಡಕು ಗುಂಡಿಯನ್ನು ಗುರುತಿಸುತ್ತದೆಯೇ ಎಂದು ವಿಚಾರಿಸಿದರು. ಬಾಯಿತುದಿಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿ ಎದ್ದೆ. ಬುಧವಾರದ ಗಾಡಿ ಕಣ್ಣ ಮುಂದೆ ಬಂದು ನಿಂತಿತ್ತು. ಬೀದಿ ತಿರುವಿನವರೆಗೆ ಬಿಟ್ಟುಬರುತ್ತೇನೆಂದು ಹಾಲಪ್ಪನವರು ಚಪ್ಪಲಿ ಮೆಟ್ಟಿಕೊಂಡರು. ಹಿಟ್ಟಿನ ಗಿರಣಿಯ ಹತ್ತಿರ ಬಂದಾಗ ನಿಂತು ನನ್ನನ್ನೇ ನೋಡಿದರು.

“ಪತ್ರ ಬೇಕಾಗಿತ್ತೇನು ದಾಕ್ಷಾಯಣಿ?”

ನನಗೆ ಇಲ್ಲ ಅನ್ನಲು ಬರುವುದಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಹೂಂ ಸಾರ್ ಅಂದೆ. ಅವರು ಗಿರಣಿಯ ಮೆಟ್ಟಿಲ ಮೇಲೆ ಕೂತು ಜೇಬಿನಿಂದ ಹಾಳೆ ತೆಗೆದರು. ಅದನ್ನು ಮನೆಯಲ್ಲೇ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದರು. ಮೊದಲನೆಯದು, ಕೆಲಸದ ನಡುವೆ ಹುಣಸೆಹಣ್ಣು ಚೀಪುತ್ತಾಳೆ. ಎರಡನೆಯದು, ಗುಂಡಿಗಳ ಜೊತೆ ಮಾತಾಡುತ್ತಾಳೆ. ಇವೆರಡನ್ನೂ ಸರಸರ ಬರೆದರು. ಆರು ವರ್ಷ ಗುಂಡಿಗಳನ್ನಷ್ಟೇ ನೋಡುತ್ತ ಓಡಾಡಿದವರು ಇದನ್ನೆಲ್ಲ ಯಾವಾಗ ನೋಡಿದರೋ. ಮೂರನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಒಳಗೆ ಒಂದು ಡಬ್ಬಿ ರಾಗಿ ಬೀಸಿ ಮುಗಿಯುವಷ್ಟು ಹೊತ್ತು ಸುಮ್ಮನೆ ಕೂತು ತಮ್ಮ ಮನೆಯ ಕಡೆ ನೋಡಿದರು. ತಕ್ಕ ಮಾತು ಹುಡುಕುತ್ತಿದ್ದಾರೆ ಎಂದುಕೊಂಡೆ. ಕೊನೆಗೆ, ‘ಇಲ್ಲ ಎನ್ನಲು ಬರುವುದಿಲ್ಲ’ ಎಂದು ದುಂಡಗೆ ಬರೆದು ಸಹಿ ಹಾಕಿದರು. ಶಿವಗಂಗೆಗೆ ಸದ್ಯ ಹೇಳದೆ ಇರುತ್ತೀಯಾ ಎಂದು ಕೇಳಿದರು. ಹೂಂ ಅಂದೆ. ಅದು ನನ್ನ ಕೊನೆಯ ಬಿಟ್ಟಿ ಹೂಂ.

ಮಸಿ ಒಣಗುತ್ತಿದ್ದಂತೆ ಗಿರಣಿಯವನು ಹಿಟ್ಟಿನ ಡಬ್ಬಿ ಹಿಡಿದು ಹೊರಗೆ ಬಂದು, ‘ಅಕ್ಕಾ, ಇದನ್ನು ಕೆರೆಬೀದಿ ತುದಿಮನೆಗೆ ಕೊಟ್ಟು ಹೋಗ್ತೀರಾ’ ಎಂದ. ನಾನು ಬಾಯಿ ತೆರೆದೆ. ನಾಲಿಗೆ ಅಂಟಿಕೊಳ್ಳಲಿಲ್ಲ. ‘ಇಲ್ಲಪ್ಪ, ಆಗಲ್ಲ’ ಅಂದೆ. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಗು ಬಂತು. ಅಷ್ಟರಲ್ಲಿ ಹಾಲಪ್ಪನವರು ಎದ್ದು, ‘ಕೊಡಪ್ಪ, ನಾನು ಕೊಟ್ಟು ಬರ್ತೀನಿ’ ಎಂದು ಡಬ್ಬಿಯನ್ನು ಹೆಗಲಿಗೇರಿಸಿಕೊಂಡು ಕೆರೆಬೀದಿಯ ಕಡೆ ನಡೆದರು. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡು ನಾನು ಕುಣಿಯುತ್ತ ಮನೆಗೆ ಬಂದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಗುಣಪತ್ರ ಬರೆಯುವ ಮನುಷ್ಯನಿಗೆ ಯಾವ ದೋಷ ಬಂದರೂ ಬರಬಹುದು, ಇದೊಂದು ಬರಬಾರದು ಎಂಬ ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆಯಲಿಲ್ಲ.

ಸೋಮವಾರ ಕೆಲಸ ಸಿಕ್ಕಿತು. ಬುಧವಾರ ಬಂದ ಗಾಡಿಯನ್ನು ಹಾಗೇ ತಿರುಗಿಸಿ ಕಳಿಸಿದೆ. ಡಬ್ಬಿಗಳು, ಕುಂಡಗಳು, ಕಮಲಕ್ಕನ ಮೇಕೆ ಎಲ್ಲವೂ ಅವರವರ ಮನೆ ಸೇರಿದವು. ದೋಣಿಗಟ್ಟೆಯಲ್ಲಂತೂ ಹೊಸದಾಗಿ ಕೊಂಬು ಬಂದ ಕರುವಿನ ಹಾಗೆ ಸಿಕ್ಕಿದ್ದಕ್ಕೆಲ್ಲ ಹಾಯುತ್ತಿದ್ದೆ. ನಲವತ್ತೊಂದನೆಯವರು ಪೂಜಾರಿಯಾಗಲಿ, ಪಟೇಲರಾಗಲಿ, ಇಲ್ಲ ಅಂದರೆ ಇಲ್ಲ. ದಿನದ ಕೊನೆಯಲ್ಲಿ, ಯಾರೂ ಏನೂ ಕೇಳದಿದ್ದರೂ, ಒಂದೆರಡು ಸಲ ಹೊಳೆಗೆ ಮುಖ ಮಾಡಿ ಇಲ್ಲ ಇಲ್ಲ ಅಂದುಕೊಂಡು ಮನೆಗೆ ಹೋಗುತ್ತಿದ್ದೆ.

ಹತ್ತನೇ ದಿನ ಮಧ್ಯಾಹ್ನದ ದೋಣಿಯಲ್ಲಿ ಆಚೆ ದಡದಿಂದ ಗುಂಡಿ ಕಾರ್ಖಾನೆಯ ಹಳೆಯ ಮುಖಗಳು ಐದಾರು ಇಳಿದವು. ಪ್ಯಾಕಿಂಗ್ ವಿಭಾಗದಲ್ಲಿದ್ದ ಉಮಾಪತಿಯೂ ಇದ್ದ. ಎಲ್ಲಿಗೆ ಹೊರಟಿರಿ ಎಂದು ಕೇಳಿದೆ.

“ಹಾಲಪ್ಪನೋರ ಮನೆಗೆ. ಮೊದಲು ಮೂರು ಸಲ ನನ್ನ ವಾಪಸ್ ಕಳಿಸಿದ್ರು. ಈಗ ಯಾರು ಏನು ಕೇಳಿದ್ರೂ ಹೂಂ ಅಂತವ್ರಂತೆ. ಈ ಕುಡಿತ ಒಂದು ಬರೆಸ್ಕೊಂಡ್ರೆ ನನಗೆ ನೂಲಿನ ಗಿರಣೀಲಿ ಕೆಲಸ ಗ್ಯಾರಂಟಿ.”

ಅವರು ಹಿಟ್ಟಿನ ಡಬ್ಬಿ ಹೊತ್ತು ಹೋದದ್ದು ಏಕೆಂದು ಈಗ ಅರ್ಥವಾಯಿತು. ಓಡಿಹೋಗಬೇಕೆನ್ನಿಸಿತು, ಆದರೆ ದಡದಲ್ಲಿ ಜನ ನಿಂತಿದ್ದರು, ಹಗ್ಗ ಬಿಟ್ಟು ಹೋಗುವಂತಿರಲಿಲ್ಲ. ಉಳಿದ ಮೂರು ದೋಣಿಗಳನ್ನು ಹೇಗೆ ಎಣಿಸಿದೆನೋ ಗೊತ್ತಿಲ್ಲ. ಸಂಜೆ ಐದಕ್ಕೆ ಹಗ್ಗ ಗೂಟಕ್ಕೆ ಸುತ್ತಿದವಳು ಎಲ್ಲೂ ನಿಲ್ಲದೆ ಹಾಲಪ್ಪನವರ ಬೀದಿ ಮುಟ್ಟಿದೆ.

ಬಾಗಿಲಿಂದ ಗಿರಣಿಯವರೆಗೆ ಜನ ಸಾಲು ನಿಂತಿದ್ದರು. ಶಿವಗಂಗಮ್ಮ ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದರು. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಮುಂದಿನಿಂದ ಓಡಿಸಿದರೆ ಹಿತ್ತಲಿಂದ ಬರುತ್ತಿದ್ದರಂತೆ, ಹಿತ್ತಲು ಮುಚ್ಚಿದರೆ ಕಿಟಕಿಯಿಂದ ಹಾಳೆ ತೂರುತ್ತಿದ್ದರಂತೆ. ನಾನು ಮೂರನೇ ದೋಷದ ಸಂಗತಿ ಒಪ್ಪಿಕೊಂಡೆ. ಬೈದಿದ್ದರೆ ವಾಸಿಯಿತ್ತು. ಅವರು ಬರೀ ತುಟಿ ಅಲ್ಲಾಡಿಸಿ, ‘ಒಳಗೆ ಹೋಗಿ ನೋಡು’ ಎಂದು ಸನ್ನೆ ಮಾಡಿದರು.

ಒಳಗೆ ಹೋದರೆ ನನ್ನ ಕೋಣೆಯೇ ಅಲ್ಲಿಗೆ ಎದ್ದು ಬಂದಂತಿತ್ತು. ಯಾರದೋ ಮಂಚ, ಯಾರದೋ ಕುಂಬಳಕಾಯಿಯ ರಾಶಿ, ಮೂರು ಸಂಘಗಳ ಅಧ್ಯಕ್ಷರೆಂದು ಬರೆದ ಮೂರು ಬೋರ್ಡುಗಳು, ಮೂಲೆಯಲ್ಲಿ ನಾನು ಬೇಡವೆಂದ ಅದೇ ಮೇಕೆ. ನಡುವೆ ಹಾಲಪ್ಪನವರು ಹಾಳೆ ಮುಂದಿಟ್ಟುಕೊಂಡು ಕೂತಿದ್ದರು. ಒಂದು ಕಣ್ಣು ಮಿಟುಕಿಸುತ್ತಿತ್ತು, ಕೈ ತಲೆ ಕೆರೆಯುತ್ತಿತ್ತು. ಇವೆಲ್ಲ ಈ ವಾರ ಬಂದು ಸೇರಿದವು. ಎದುರಿಗೆ ಉಮಾಪತಿ ಮಂಡಿಯೂರಿ ಒಂದೊಂದೇ ಮಾತು ಹೇಳಿಕೊಡುತ್ತಿದ್ದ. ಹಾಲಪ್ಪನವರ ಕೈ ಬರೆಯುತ್ತಿತ್ತು, ಕಣ್ಣು ಬೇಡುತ್ತಿತ್ತು. ಆ ಕಣ್ಣು ನನಗೆ ಗೊತ್ತು. ಇಪ್ಪತ್ತೊಂಬತ್ತು ವರ್ಷ ಕನ್ನಡಿಯಲ್ಲಿ ನೋಡಿದ್ದೇನೆ.

ಸಹಿಗೆ ಮುಂಚೆ ನಾನು ಹಾಳೆಯ ಮೇಲೆ ಕೈಯಿಟ್ಟೆ.

“ಇಲ್ಲ ಉಮಾಪತಿ. ಬರೆಯಲ್ಲ.”

ಅವನು ತನ್ನ ಹೆಂಡತಿ ಮಕ್ಕಳ ಹೆಸರು ಹೇಳಿದ, ಈ ಕೆಲಸ ತಪ್ಪಿದರೆ ಬದುಕು ತಪ್ಪಿತು ಎಂದ. ಸುಳ್ಳೇನೂ ಅಲ್ಲ. ದೋಣಿಗಟ್ಟೆಯಲ್ಲಿ ಹತ್ತು ದಿನ ಖುಷಿಯಿಂದ ಇಲ್ಲ ಅಂದವಳಿಗೆ ಅದು ಇಷ್ಟು ಭಾರದ ಮಾತು ಎಂದು ಅಂದೇ ತಿಳಿದದ್ದು. ‘ನಿನ್ನ ಕುಡಿತ ಈ ವಯಸ್ಸಿನವರ ಹೊಟ್ಟೆಗೆ ಹಾಕಬೇಡ, ಬಿಡಬೇಕೆಂದಿದ್ದರೆ ನಿನ್ನ ಜೊತೆ ಮಠದ ವೈದ್ಯರ ಹತ್ತಿರ ನಾನು ಬರ್ತೀನಿ’ ಅಂದೆ. ಅವನು ಮಂಡಿಯ ಧೂಳು ಕೊಡವಿ ಎದ್ದು ಹೋದ. ಹೊರಗೆ ಬಾಗಿಲಿಗೆ ಅಡ್ಡ ನಿಂತು ಉಳಿದವರಿಗೂ ಒಬ್ಬೊಬ್ಬರಿಗೇ ಇಲ್ಲ ಅಂದೆ. ಕೆಲವರು ಶಾಪ ಹಾಕಿದರು. ತನ್ನದು ಮಾತ್ರ ಬರೆಸಿಕೊಂಡು ಊರಿಗೆ ಬಾಗಿಲು ಹಾಕಿದಳು ಎಂದು, ಇನ್ನೊಂದು ದೋಷ ಬರೆಸಲು ಬಂದಿದ್ದ ರತ್ನಮಾಲಾ ಅಂದಳು. ಆ ಮಾತು ನಿಜವೇ, ಆದರೂ ದಾರಿ ಬಿಡಲಿಲ್ಲ.

ಸಾಲು ಕರಗಿದ ಮೇಲೆ ಹಾಲಪ್ಪನವರ ಪೆನ್ನಿನಿಂದಲೇ ಆ ದೋಷ ನನಗೆ ವಾಪಸು ಬರಲೆಂದು ಬರೆದು ನೋಡಿದೆ. ಕೆಳಗಿನವರು ಮೇಲಿನವರಿಗೆ ಬರೆದದ್ದು ಫಲಿಸುವುದಿಲ್ಲ. ಮಸಿ ಒಣಗಿತು, ಅಷ್ಟೇ. ಶಿವಗಂಗಮ್ಮ ನನಗೊಂದು ಲೋಟ ಮಜ್ಜಿಗೆ ಕೊಟ್ಟು, ಹೋದ ದನಿಯಲ್ಲೇ, ‘ದಿನಾ ಸಂಜೆ ಬಂದು ಬಾಗಿಲಲ್ಲಿ ಕೂರ್ತೀಯಾ ತಾಯಿ’ ಎಂದು ಪಿಸುಗುಟ್ಟಿದರು. ಈ ಸಲ ಹೂಂ ಅಂದದ್ದು ನಾನೇ, ಬೇಕೆಂದೇ.

ಹೊರಡುವ ಮುಂಚೆ ಹಾಲಪ್ಪನವರ ಹತ್ತಿರ ಕೂತೆ. ಹೀಗಾಗುತ್ತದೆಂದು ಬರೆಯುವಾಗಲೇ ಗೊತ್ತಿತ್ತಾ ಸಾರ್ ಎಂದು ಕೇಳಿದೆ. ಹೌದು ಎಂದರು. ಗಿರಣಿಯ ಮೆಟ್ಟಿಲ ಮೇಲೆ ಅವರು ಮನೆಯ ಕಡೆ ನೋಡಿದ್ದು ನೆನಪಾಯಿತು. ಆಗ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು ತಡೆಯದೆ ಹೊರಗೆ ಬಂತು. ನಾನು ಚೆನ್ನಾಗಿ ಕೆಲಸ ಮಾಡುತ್ತಿದ್ದೆನಾ ಸಾರ್ ಎಂದೆ. ಹೌದು ಹೌದು ಎಂದರು, ಥಟ್ಟನೆ. ಅಷ್ಟು ಥಟ್ಟನೆ ಬಂದದ್ದರಿಂದಲೇ ಅದು ಎಲ್ಲರಿಗೂ ಕೊಡುವ ಹೌದು ಎಂದು ತಿಳಿಯಿತು. ಮಂಚ ಇಟ್ಟವರಿಗೂ ಮೇಕೆ ಕಟ್ಟಿದವರಿಗೂ ಇದನ್ನೇ ಕೊಟ್ಟಿದ್ದಾರೆ. ಇನ್ನು ಇವರ ಬಾಯಿಂದ ನನಗೆ ನಿಜ ತಿಳಿಯುವಂತಿಲ್ಲ, ಅದನ್ನು ನಾನೇ ಕೆಡಿಸಿಕೊಂಡೆ ಎನ್ನಿಸಿತು. ದುಃಖವಾಯಿತು, ಮುಚ್ಚಿಡುವುದೇನು.

ಎದ್ದು ಹೊಸ್ತಿಲವರೆಗೆ ಹೋದವಳು ತಿರುಗಿ ನಿಂತೆ.

“ಸಾರ್, ಇವಳನ್ನ ಕೆಲಸಕ್ಕೆ ಇಟ್ಕೊಂಡಿದ್ದು ತಪ್ಪಾಯ್ತು ಅಂತ ಯಾವತ್ತಾದರೂ ಅನ್ಸಿತ್ತಾ?”

ಅವರ ಬಾಯಿ ಹೌದು ಎನ್ನಲು ತೆರೆಯಿತು. ಅರ್ಧಕ್ಕೇ ತುಟಿ ಬಿಗಿದು ಮುಚ್ಚಿಕೊಂಡರು. ಕಾಲು ಕುಣಿಯುವುದು ನಿಂತಿತು, ಕಣ್ಣು ಮಿಟುಕುವುದು ನಿಂತಿತು. ಕಿವಿ ಕೆಂಪಾಯಿತು. ಎರಡೂ ಅಂಗೈ ಪಂಚೆಗೆ ಒರೆಸಿಕೊಂಡರು. ಅಂಗುಳಕ್ಕೆ ಅಂಟಿದ ನಾಲಿಗೆಯನ್ನು ಕೀಳಲು ಅವರು ಪಡುತ್ತಿದ್ದ ಪಾಡು ನನ್ನ ಬಾಯಲ್ಲೇ ನಡೆಯುತ್ತಿದ್ದಂತೆ ತಿಳಿಯುತ್ತಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸಲವೂ ನಾನು ಗೆಲ್ಲದ ಜಾಗ ಅದು. ಬಿಡಿ ಸಾರ್, ಹೇಳಬೇಡಿ ಎಂದೆ. ಅವರು ಕೈಯೆತ್ತಿ ನನ್ನನ್ನು ತಡೆದರು. ಹಣೆಯ ಬೆವರು ಮೂಗಿನ ತುದಿಗಿಳಿದು ಮುಂದಿದ್ದ ಹಾಳೆಯ ಮೇಲೆ ಬಿತ್ತು. ಅಡುಗೆಮನೆಯಿಂದ ಶಿವಗಂಗಮ್ಮ ಬಂದು ಗಂಡನ ಮುಖ ನೋಡುತ್ತ ನಿಂತರು.

“ಇಲ್ಲ,” ಎಂದರು ಹಾಲಪ್ಪನವರು. ಉಸಿರು ಎಳೆದುಕೊಂಡು ಇನ್ನೊಮ್ಮೆ ಹೇಳಿದರು. “ಒಂದಿನಾನೂ ಇಲ್ಲ.”